ಇಷ್ಟೊಂದು ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿದ್ಮೇಲೂ ಸ್ಕೂಲಲ್ಲಿ ದುಡ್ಡಿಲ್ಲ ಅಂತಾರಲ್ಲ, ಡ್ಯಾಲಸ್ ಕಡೆಯವ್ರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಹೊಸಮನೆ_ಟಿಎಕ್ಸ್

ಎಲ್ರಿಗೂ ನಮಸ್ಕಾರ. ನಾವು ಶಾರ್ಲೆಟ್‌ನಿಂದ ಡ್ಯಾಲಸ್ ಉತ್ತರಕ್ಕೆ ಬಂದು ಮನೆ ತಗೊಂಡಿದೀವಿ, ಮಗ ಮಿಡಲ್ ಸ್ಕೂಲು, ಮಗಳು ಎಲಿಮೆಂಟರಿ. ಸ್ಕೂಲ್ ಚೆನ್ನಾಗಿದೆ ಅಂತಾನೇ ಈ ಕಡೆ ಬಂದಿದ್ದು. ಈಗ ಟ್ಯಾಕ್ಸ್ ಬಿಲ್ ಬಂತು ನೋಡಿ, ಎದೆ ಧಸಕ್ ಅಂತು. ಶಾರ್ಲೆಟ್‌ನಲ್ಲಿ ಸ್ಕೂಲಿಂದು ಅಂತ ಬೇರೆ ಲೈನೇ ಇರ್ಲಿಲ್ಲ, ಕೌಂಟಿ ಟ್ಯಾಕ್ಸಲ್ಲೇ ಸೇರ್ಕೊಂಡಿರ್ತಿತ್ತು, ಇಲ್ಲಿ ಸಿಟಿಗೆ ಬೇರೆ ಕೌಂಟಿಗೆ ಬೇರೆ, ಅದೆಲ್ಲಕ್ಕಿಂತ ದೊಡ್ಡ ಮೊತ್ತ ಐಎಸ್‌ಡಿಗೆ, ಅಂದ್ರೆ ಸ್ಕೂಲ್ ಡಿಸ್ಟ್ರಿಕ್ಟಿಗೆ ಅಂತ ಇದೆ, ಹೆಚ್ಚುಕಮ್ಮಿ ಅರ್ಧ ಬಿಲ್ಲು ಅದೇ.

ಸರಿ ಮಕ್ಕಳ ಓದಿಗೆ ತಾನೆ ಹೋಗ್ಲಿ ಬಿಡು ಅಂದ್ಕೊಂಡ್ರೆ ಅದೇ ವಾರ ಡಿಸ್ಟ್ರಿಕ್ಟಿಂದ ಇಮೇಲ್, ಬಜೆಟ್ಟಲ್ಲಿ ಖೋತಾ ಇದೆ, ಖಾಲಿಯಾಗ್ತಿರೋ ಸ್ಕೂಲ್ ಮುಚ್ಚೋ ಬಗ್ಗೆ ಚರ್ಚೆ ಇದೆ ಅಂತ. ಅದರ ಹಿಂದೇನೇ ಪಿಟಿಎದವ್ರು (ಪೇರೆಂಟ್ಸ್-ಟೀಚರ್ಸ್ ಸಂಘ) ಮಕ್ಕಳನ್ನ ಓಡಿಸಿ ಚಂದಾ ಎತ್ತೋ ಫನ್ ರನ್‌ಗೆ ದುಡ್ಡು ಕೊಡಿ ಅಂತ, ಎಜುಕೇಶನ್ ಫೌಂಡೇಶನ್‌ನವ್ರು ಡೊನೇಶನ್ ಕೊಡಿ ಅಂತ. ಆಫೀಸಿಗೆ ಹೋಗೋ ದಾರೀಲಿ ನೋಡಿದ್ರೆ ಹೈಸ್ಕೂಲ್ ಮಕ್ಕಳ ಫುಟ್‌ಬಾಲಿಗೆ ನಮ್ಮ ಕಂಠೀರವ ಸ್ಟೇಡಿಯಂ ನಾಚ್ಕೋಬೇಕು ಅನ್ನೋ ಥರ ಸ್ಟೇಡಿಯಂ. ಇದಕ್ಕೆಲ್ಲಾ ಎಲ್ಲಿಂದ ಬರುತ್ತೆ ದುಡ್ಡು? ಪಕ್ಕದ್ಮನೆ ಅಂಕಲ್ ಕೇಳಿದ್ರೆ "ರಾಬಿನ್ ಹುಡ್, ರಾಬಿನ್ ಹುಡ್" ಅಂತ ಬೈತಾರೆ, ಏನಂತ ಪೂರ್ತಿ ಅರ್ಥ ಆಗ್ಲಿಲ್ಲ.

ನಾವಿನ್ನೂ ಎಚ್-1ಬಿ, ಗ್ರೀನ್ ಕಾರ್ಡು ಯಾವ ಕಾಲಕ್ಕೋ, ಓಟಂತೂ ಇಲ್ಲ. ಡೊನೇಶನ್ ಕೊಟ್ರೆ ನಿಜವಾಗ್ಲೂ ಏನಾದ್ರೂ ಉಪಯೋಗ ಆಗುತ್ತಾ ಇಲ್ಲ ಸಮುದ್ರಕ್ಕೆ ಉಪ್ಪು ಹಾಕಿದ ಹಾಗಾ? ಗೊತ್ತಿರೋರು ಹೇಳಿ ದಯವಿಟ್ಟು.

ಬಸವನಗುಡಿ_ಪ್ಲೇನೋ

ಸ್ವಾಗತ ಗುರುಗಳೇ, ಟೆಕ್ಸಾಸ್‌ಗೆ ಬಂದ ಎಲ್ರಿಗೂ ಮೊದಲನೇ ವರ್ಷ ಇದೇ ಶಾಕ್. ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಖುಷಿಪಟ್ಕೊಂಡು ಬರ್ತೀವಿ, ಅದನ್ನ ಮನೆ ಮೇಲೆ ವಸೂಲಿ ಮಾಡ್ತಾರೆ.

ಬಿಲ್ಲಲ್ಲಿ ಐಎಸ್‌ಡಿ ಅಂತಿರೋದು ಒಂದೇ ಟ್ಯಾಕ್ಸ್ ಅಲ್ಲ, ಎರಡು ಸೇರಿದೆ. ಎಂ ಅಂಡ್ ಓ ಅಂತ ಒಂದು, ಐ ಅಂಡ್ ಎಸ್ ಅಂತ ಇನ್ನೊಂದು. ಟೀಚರ್ ಸಂಬಳ, ಕರೆಂಟು, ಬಸ್ ಡೀಸೆಲ್, ದಿನದ ಖರ್ಚೆಲ್ಲಾ ಎಂ ಅಂಡ್ ಓ. ಬಾಂಡ್ ಸಾಲ ತೀರಿಸೋದು ಐ ಅಂಡ್ ಎಸ್. ನಮ್ಮ ಕಡೆ ಡಿಸ್ಟ್ರಿಕ್ಟುಗಳಲ್ಲಿ ಮನೆಯ ಪ್ರತಿ ನೂರು ಡಾಲರ್ ಬೆಲೆಗೆ ಒಟ್ಟು ಒಂದು ಡಾಲರ್ ಆಸುಪಾಸು ಬೀಳುತ್ತೆ, ಅದ್ರಲ್ಲಿ ಮುಕ್ಕಾಲು ಪಾಲು ಎಂ ಅಂಡ್ ಓ. ಎರಡನ್ನ ಬೆರೆಸೋ ಹಾಗಿಲ್ಲ, ಕಾನೂನೇ ಹಾಗಿದೆ. ನೀವು ನೋಡಿದ ಸ್ಟೇಡಿಯಂ ಬಾಂಡ್ ದುಡ್ಡು, ಜನ ಓಟ್ ಹಾಕಿ ಒಪ್ಪಿದ್ದು, ಅದರಲ್ಲಿ ಒಬ್ಬ ಟೀಚರಿಗೂ ಒಂದು ತಿಂಗಳ ಸಂಬಳ ಕೊಡಕ್ಕಾಗಲ್ಲ. ಪಕ್ಕದ ಆಲನ್‌ನಲ್ಲಿ 2012ರಲ್ಲಿ 60 ಮಿಲಿಯನ್ ಡಾಲರ್ ಸುರಿದು 18,000 ಸೀಟಿನ ಸ್ಟೇಡಿಯಂ ಕಟ್ಟಿದ್ರು, ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಬೀಗ ಹಾಕಿ ರಿಪೇರಿ ಮಾಡ್ಬೇಕಾಯ್ತು. ಹಾಗಂತ ಜನ ಕಣ್ಮುಚ್ಚಿ ಎಲ್ಲದಕ್ಕೂ ಹೂಂ ಅಂತಾರೆ ಅಂತಲ್ಲ, ಪ್ರಾಸ್ಪರ್‌ನಲ್ಲಿ 2023ರಲ್ಲಿ ಹೊಸ ಸ್ಕೂಲ್ ಕಟ್ಟೋ ದೊಡ್ಡ ಬಾಂಡಿಗೆ ಓಟ್ ಹಾಕಿದ ಜನಾನೇ 94 ಮಿಲಿಯನ್‌ನ ಸ್ಟೇಡಿಯಂ ಬೇಡ ಅಂದ್ರು.

ಇನ್ನು ಖೋತಾ ಯಾಕೆ ಅಂದ್ರೆ. ನಿಮ್ಮ ಡಿಸ್ಟ್ರಿಕ್ಟ್ ಒಂದು ಮಗುವಿಗೆ ಎಷ್ಟು ಖರ್ಚು ಮಾಡ್ಬಹುದು ಅನ್ನೋದನ್ನ ನಿರ್ಧಾರ ಮಾಡೋದು ನಿಮ್ಮ ಮನೆ ಬೆಲೆ ಅಲ್ಲ, ರಾಜಧಾನಿ ಆಸ್ಟಿನ್‌ನಲ್ಲಿ ಕೂತಿರೋ ಶಾಸಕರು. ಬೇಸಿಕ್ ಅಲಾಟ್‌ಮೆಂಟ್ ಅಂತ, ಒಂದು ಮಗುವಿಗೆ ವರ್ಷಕ್ಕೆ ಇಷ್ಟು ಅನ್ನೋ ಒಂದು ಸಂಖ್ಯೆ ಇದೆ. 2019ರಲ್ಲಿ 6,160 ಡಾಲರ್ ಮಾಡಿದ್ರು, ಆಮೇಲೆ 2025ರ ತನಕ ಅಲ್ಲಾಡಿಸ್ಲಿಲ್ಲ. ಮಧ್ಯೆ ಕೋವಿಡ್ ಬಂತು, ಹಾಲು ಮೊಟ್ಟೆ ಇನ್ಶೂರೆನ್ಸ್ ಎಲ್ಲಾ ಎಷ್ಟಾಯ್ತು ಅಂತ ನಿಮಗೇ ಗೊತ್ತು. 2025ರಲ್ಲಿ ಎಚ್‌ಬಿ 2 ಅಂತ ಕಾನೂನು ಪಾಸ್ ಮಾಡಿ ಇದನ್ನ ಏರಿಸಿದ್ದು ಬರೀ 55 ಡಾಲರ್. ಒಟ್ಟು 8.5 ಬಿಲಿಯನ್ ಕೊಟ್ವಿ ಅಂತ ಡಂಗುರ ಹೊಡ್ಕೊಂಡ್ರು, ಕೊಟ್ಟಿದ್ದೂ ನಿಜ, ಆದ್ರೆ ಬಹುಪಾಲು ಇಂಥದ್ದಕ್ಕೇ ಖರ್ಚು ಮಾಡಿ ಅಂತ ಗೆರೆ ಎಳೆದು ಕೊಟ್ಟಿರೋದು. ಟೀಚರ್‌ಗಳಿಗೆ ಸಂಬಳ ಏರಿದ್ದು ಒಳ್ಳೇದೇ ಆಯ್ತು, ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅನುಭವ ಇದ್ರೆ ನಮ್ಮಂಥ ದೊಡ್ಡ ಡಿಸ್ಟ್ರಿಕ್ಟಲ್ಲಿ 5,000 ಡಾಲರ್, ಆದ್ರೆ ಡಿಸ್ಟ್ರಿಕ್ಟ್ ಕೈಯಲ್ಲಿ ತನ್ನಿಷ್ಟಕ್ಕೆ ಉಳಿಯೋದು ಕಮ್ಮಿ.

ಹಾಗಾಗಿ ನಿಮ್ಮ ಮನೆ ಬೆಲೆ ಏರಿ ಟ್ಯಾಕ್ಸ್ ಜಾಸ್ತಿ ಕಟ್ಟಿದ್ರೆ ಸ್ಕೂಲಿಗೆ ಜಾಸ್ತಿ ಸಿಗುತ್ತೆ ಅಂದ್ಕೋಬೇಡಿ. ಇಲ್ಲಿಂದ ಜಾಸ್ತಿ ಹೋದಷ್ಟು ಸ್ಟೇಟ್ ತನ್ನ ಪಾಲು ಕಮ್ಮಿ ಮಾಡ್ಕೊಳುತ್ತೆ. ಅಲಾಟ್‌ಮೆಂಟ್ ಲೆಕ್ಕಕ್ಕಿಂತ ಹೆಚ್ಚು ಕಲೆಕ್ಟ್ ಆದ್ರೆ ಮೇಲಿನದ್ದನ್ನ ವಾಪಸ್ ತಗೊಳುತ್ತೆ, ಅದೇ ನಿಮ್ಮ ಅಂಕಲ್ ಬೈಯೋ ರಾಬಿನ್ ಹುಡ್. ಕಾಗದದ ಮೇಲೆ ರೀಕ್ಯಾಪ್ಚರ್ ಅಂತ ಕರೀತಾರೆ. ಆಸ್ಟಿನ್ ಐಎಸ್‌ಡಿ ಅತಿ ಹೆಚ್ಚು ಕಟ್ಟುತ್ತೆ, ನಮ್ಮ ಪ್ಲೇನೋನೂ ಹಳೇ ಗಿರಾಕಿ. ಇಷ್ಟು ಕಟ್ಟಿನೂ ಪ್ಲೇನೋದಲ್ಲಿ 2025ಕ್ಕೆ ನಾಲ್ಕು ಸ್ಕೂಲ್ ಮುಚ್ಚಿದ್ರು, ಎರಡು ಎಲಿಮೆಂಟರಿ ಎರಡು ಮಿಡಲ್. ಆದ್ರೆ ಅದಕ್ಕೆ ರಾಬಿನ್ ಹುಡ್ ಒಂದನ್ನೇ ಬೈದು ಪ್ರಯೋಜನ ಇಲ್ಲ, ಮಕ್ಕಳೇ ಕಮ್ಮಿ ಆಗಿದಾರೆ. ಮನೆ ಬೆಲೆ ಈ ಮಟ್ಟಕ್ಕೆ ಹೋದ್ಮೇಲೆ ಚಿಕ್ಕ ಮಕ್ಕಳಿರೋ ಸಂಸಾರಗಳು ಸೆಲೀನಾ, ಪ್ರಿನ್ಸ್‌ಟನ್ ಅಂತ ದೂರ ಹೋಗ್ತಿದಾರೆ, ಇಲ್ಲಿ ಮಕ್ಕಳು ಕಾಲೇಜಿಗೆ ಹೋದ್ಮೇಲೂ ಅಪ್ಪ ಅಮ್ಮ ಅದೇ ಮನೇಲಿ ಇದಾರೆ.

ಹುಬ್ಬಳ್ಳಿ_ಅಂಡಾ

ಅಲ್ರೀ ಸರ, ರಾಬಿನ್ ಹುಡ್ ಅಂದಕೂಡ್ಲೇ ಎಲ್ಲಾರೂ ಬೈಯಾಕ ಸುರು ಮಾಡ್ತೀರಿ, ಅದು ಯಾಕ ಬಂತು ಅಂತ ಒಬ್ರರ ಕೇಳೀರೇನು? 1968ರಾಗ ಸ್ಯಾನ್ ಆಂಟೋನಿಯೋದಾಗ ಎಜ್‌ವುಡ್ ಅಂತ ಬಡ ಡಿಸ್ಟ್ರಿಕ್ಟ್, ಬಹುತೇಕ ಮೆಕ್ಸಿಕನ್ ಮೂಲದ ಮಂದಿ, ಅಲ್ಲಿ ಹೈಸ್ಕೂಲ್ ಹುಡುಗ್ರು ಕ್ಲಾಸ್ ಬಿಟ್ಟು ಹೊರಗ ಬಂದು ನಿಂತ್ರು, ಸಾಲಿ ಕಿಟಕಿ ಒಡದಾವ, ಟ್ರೇನಿಂಗ್ ಆದ ಮಾಸ್ತರ್ ಇಲ್ಲ ಅಂತ. ಅಲ್ಲಿ ಮಂದಿ ನೂರು ಡಾಲರಿಗೆ 1.05 ಟ್ಯಾಕ್ಸ್ ಕಟ್ಟತಿದ್ರು, ಒಂದು ಹುಡುಗಗ ಬರತಿದ್ದದ್ದು 26 ಡಾಲರ್. ಅದ ಊರಾಗ ಅಲಾಮೋ ಹೈಟ್ಸ್ ಅಂತ ಶ್ರೀಮಂತರ ಡಿಸ್ಟ್ರಿಕ್ಟ್, ಅವರು ಕಟ್ಟತಿದ್ದದ್ದು 0.85, ಬರತಿದ್ದದ್ದು 333 ಡಾಲರ್. ಕಡಿಮಿ ಕಟ್ಟಿ ಹನ್ನೆರಡು ಪಟ್ಟು ಜಾಸ್ತಿ! ಡಿಮೆಟ್ರಿಯೋ ರಾಡ್ರಿಗಸ್ ಅನ್ನೋ ಒಬ್ಬ ಪಾಲಕ ಕೋರ್ಟಿಗೆ ಹೋದ. ಸುಪ್ರೀಂ ಕೋರ್ಟಿನ ತನಕ ಹೋಗಿ 1973ರಾಗ 5-4ರಾಗ ಸೋತ. ಆಮ್ಯಾಲೆ ಟೆಕ್ಸಾಸ್ ಕೋರ್ಟಿನಾಗ ಬ್ಯಾರೆ ಕೇಸ್ ಹಾಕಿದ್ರು, 1989ರಾಗ ಗೆದ್ರು, ಒಂಬತ್ತೂ ಜಡ್ಜಗೋಳು ಒಂದ ಮಾತು ಹೇಳಿದ್ರು. ಅದಾದ ಮ್ಯಾಲೆ 1993ರಾಗ ಈ ಕಾಯ್ದೆ ಬಂತು.

ನಾವು ಉತ್ತರ ಕರ್ನಾಟಕದವರು, ನಮಗ ಇದು ಭಾಳ ಲಗೂನ ತಿಳೀತೈತಿ. ನಂಜುಂಡಪ್ಪ ವರದಿ 2002ರಾಗ ಬಂತಲ್ಲ, ಯಾವ ತಾಲೂಕು ಎಷ್ಟು ಹಿಂದ ಬಿದ್ದಾವ ಅಂತ ಲೆಕ್ಕ ಕೊಟ್ಟದ್ದು? ಬೆಂಗಳೂರಿಂದ ಬರೋ ಟ್ಯಾಕ್ಸ್ ಬೆಂಗಳೂರಿಗೇ ಇರ್ಲಿ ಅಂದ್ರ ದೇವದುರ್ಗದ ಸಾಲಿಗೆ ರೊಕ್ಕ ಎಲ್ಲಿಂದ ಬರಬೇಕ್ರಿ? ಅಲ್ಲಿದ್ದಾಗ ನಮಗ ಪಾಲು ಬೇಕು ಅಂತೀವಿ, ಇಲ್ಲಿ ಪ್ಲೇನೋಕ್ಕ ಬಂದ ಮ್ಯಾಲೆ ನಮ್ಮ ರೊಕ್ಕ ನಮಗ ಅಂತೀವಿ. ನಾ ಇಲ್ಲಿ ಟ್ಯಾಕ್ಸ್ ಕಟ್ಟತೇನಿ, ನನಗ ಇದರ ಬಗ್ಗೆ ತಕರಾರಿಲ್ಲ.

ಬಸವನಗುಡಿ_ಪ್ಲೇನೋ

ಹುಬ್ಬಳ್ಳಿ ಸಾಹೇಬ್ರೆ, ತತ್ವ ಒಪ್ಪಿದೆ, ಹಂಚೋದು ತಪ್ಪು ಅಂತ ನಾನೆಲ್ಲಿ ಅಂದೆ? ತಕರಾರು ಬೇರೆ. ನಾವು ಕಟ್ಟಿದ ರೀಕ್ಯಾಪ್ಚರ್ ದುಡ್ಡು ಬಡ ಡಿಸ್ಟ್ರಿಕ್ಟಿಗೆ ಹೆಚ್ಚುವರಿಯಾಗಿ ಹೋಗಲ್ಲ, ಸ್ಟೇಟಿನ ಸ್ಕೂಲ್ ಫಂಡಿಗೆ ಹೋಗಿ ಸ್ಟೇಟ್ ತಾನು ಹಾಕ್ಬೇಕಾದ್ದನ್ನ ಅಷ್ಟು ಉಳಿಸ್ಕೊಳುತ್ತೆ. ಎಜ್‌ವುಡ್‌ನ ಮಗುವಿಗೂ ಅದೇ 6,215 ಡಾಲರ್ ಅಲಾಟ್‌ಮೆಂಟೇ ಆಧಾರ. ನಮ್ಮದು ಕಿತ್ಕೊಂಡು ಅವರಿಗೂ ಪೂರ್ತಿ ಕೊಡದೆ ಮಧ್ಯದಲ್ಲಿ ಇಟ್ಕೊಂಡ್ರೆ ಅದು ಯಾವ ಸೀಮೆ ರಾಬಿನ್ ಹುಡ್? ಅದೇ ಹೊತ್ತಲ್ಲಿ 2025ರಲ್ಲಿ ಪ್ರೈವೇಟ್ ಸ್ಕೂಲಿಗೆ ವೋಚರ್ ಕೊಡಕ್ಕೆ ಒಂದು ಬಿಲಿಯನ್ ತೆಗೆದಿಟ್ರು ನೋಡಿ.

ಹುಬ್ಬಳ್ಳಿ_ಅಂಡಾ

ಅದು ಖರೇ ಐತ್ರಿ. ಬೈಯೋದಾದ್ರ ಆಸ್ಟಿನ್‌ಗೆ ಬೈರಿ, ಎಜ್‌ವುಡ್‌ನ ಮಕ್ಕಳಿಗೆ ಬೈಬ್ಯಾಡ್ರಿ, ಅಷ್ಟ ನಂದು.

ಪಿಟಿಎ_ಅಮ್ಮ

ಹೊಸಮನೆಯವ್ರೇ, ನೀವು ಕೇಳಿದ್ದು ಡೊನೇಶನ್ ಕೊಡ್ಬೇಕಾ ಅಂತ, ಇವರಿಬ್ಬರೂ ಇತಿಹಾಸದ ಪಾಠ ಮಾಡ್ತಾ ಕೂತ್ರು :) ನಾನು ಪಿಟಿಎ ಕಮಿಟಿಲಿ ಇದ್ದೆ, ಖಜಾಂಚಿ ಕೆಲಸಾನೂ ಮಾಡಿದೀನಿ, ನೇರವಾಗಿ ಹೇಳ್ತೀನಿ.

ಡೊನೇಶನ್‌ನಿಂದ ಡಿಸ್ಟ್ರಿಕ್ಟಿನ ಖೋತಾ ತುಂಬಲ್ಲ, ಆ ಆಸೆ ಬಿಡಿ. ಅದು ಮಿಲಿಯನ್‌ಗಳ ಲೆಕ್ಕ, ಪಿಟಿಎದ್ದು ಸಾವಿರಗಳ ಲೆಕ್ಕ. ಆದ್ರೆ ನಿಮ್ಮ ಮಗಳ ಕ್ಲಾಸಲ್ಲಿ ಅದು ಕಾಣುತ್ತೆ. ಲೈಬ್ರರಿಗೆ ಪುಸ್ತಕ, ಫೀಲ್ಡ್ ಟ್ರಿಪ್ ಬಸ್ಸು, ಟೀಚರ್‌ಗಳು ಜೇಬಿಂದ ಹಾಕೋ ಕಾಗದ ಪೆನ್ಸಿಲ್ಲು, ದುಡ್ಡು ಕಟ್ಟಕ್ಕಾಗದ ಮಕ್ಕಳಿಗೆ ಸಪ್ಲೈ ಕಿಟ್ಟು. ಫೌಂಡೇಶನ್‌ನವ್ರು ಟೀಚರ್‌ಗಳಿಗೆ ಗ್ರಾಂಟು, ಸೀನಿಯರ್‌ಗಳಿಗೆ ಸ್ಕಾಲರ್‌ಶಿಪ್ ಕೊಡ್ತಾರೆ. ಕೊಡೋ ಮುಂಚೆ ನಿಮ್ಮ ಕಂಪನಿಲಿ ಮ್ಯಾಚಿಂಗ್, ಅಂದ್ರೆ ನೀವು ಕೊಟ್ಟಿದ್ದಕ್ಕೆ ಕಂಪನಿನೂ ತನ್ನ ದುಡ್ಡು ಸೇರಿಸೋದು, ಇದೆಯಾ ನೋಡ್ಕೊಳ್ಳಿ, ಐಟಿಲಿರೋ ನಮ್ಮವ್ರಿಗೆ ಬಹಳ ಜನಕ್ಕೆ ಇರುತ್ತೆ, ಆ ಫಾರಂ ತುಂಬಕ್ಕೆ ಸೋಮಾರಿತನ ಅಷ್ಟೇ. ಕೆಲವು ಕಂಪನಿ ವಾಲಂಟಿಯರ್ ಮಾಡಿದ ಗಂಟೆಗೂ ದುಡ್ಡು ಕೊಡ್ತವೆ. ಫನ್ ರನ್‌ಗೆ ಕೊಡೋದಾದ್ರೆ ಒಂದು ವಿಷ್ಯ, ಹೊರಗಿನ ಕಂಪನಿ ಬಂದು ನಡೆಸೋದಾದ್ರೆ ಒಂದು ಪಾಲು ಅವರು ತಗೊಂಡು ಹೋಗ್ತಾರೆ, ನೇರ ಪಿಟಿಎಗೆ ಚೆಕ್ ಬರೆದ್ರೆ ಪೂರ್ತಿ ಸ್ಕೂಲಿಗೆ.

ಈಗ ಒಂದು ಮಾತು, ಬೇಜಾರು ಮಾಡ್ಕೋಬೇಡಿ ಯಾರೂ. ಟೆಕ್ಸಾಸ್‌ನಲ್ಲಿ ಸ್ಟೇಟ್ ದುಡ್ಡು ಲೆಕ್ಕ ಹಾಕೋದು ಎಷ್ಟು ಮಕ್ಕಳು ಸೇರಿದಾರೆ ಅನ್ನೋದರ ಮೇಲಲ್ಲ, ದಿನಾ ಎಷ್ಟು ಮಕ್ಕಳು ಬಂದ್ರು ಅನ್ನೋದರ ಸರಾಸರಿ ಮೇಲೆ. ಜ್ವರ ಅಂತ ನೋಟ್ ಕಳ್ಸಿದ್ರೂ ಅಷ್ಟೇ, ಎಕ್ಸ್‌ಕ್ಯೂಸ್ಡ್ ಆದ್ರೂ ಸೀಟ್ ಖಾಲಿ ಅಂದ್ರೆ ಖಾಲಿ. 6,215ನ ಸುಮಾರು 170 ದಿನಕ್ಕೆ ಭಾಗಿಸಿ, ದಿನಕ್ಕೆ 36 ಡಾಲರ್ ಹತ್ರ ಆಗುತ್ತೆ. ಈಗ ನಮ್ಮೂರ ಟ್ರಿಪ್ ಲೆಕ್ಕ ಹಾಕಿ. ಡಿಸೆಂಬರ್ ರಜಕ್ಕೆ ಮುಂಚೆ ಒಂದು ವಾರ, ಸಂಕ್ರಾಂತಿ ಮುಗಿಸ್ಕೊಂಡು ಬರೋಣ ಅಂತ ರಜ ಆದ್ಮೇಲೆ ಒಂದು ವಾರ, ಇಬ್ರು ಮಕ್ಕಳು, ಸ್ಕೂಲಿಗೆ 700 ಡಾಲರ್ ಹೋಯ್ತು. ಪಿಟಿಎಗೆ ಐವತ್ತು ಡಾಲರ್ ಕೊಟ್ಟು ಫೋಟೋ ಹಾಕ್ಕೋತೀವಿ. ಟಿಕೆಟ್ ರೇಟು ನನಗೂ ಗೊತ್ತು, ಅತ್ತೆ ಮಾವ ನನಗೂ ಇದಾರೆ, ಪೂರ್ತಿ ಬಿಡಿ ಅಂತ ಹೇಳಲ್ಲ, ಆದ್ರೆ ಏಷ್ಯನ್ ಮಕ್ಕಳೇ ಜಾಸ್ತಿ ಇರೋ ಎಲಿಮೆಂಟರಿಗಳಲ್ಲಿ ಜನವರಿ ಮೊದಲ ವಾರ ಕ್ಲಾಸ್‌ರೂಮ್ ನೋಡಿದ್ರೆ ಪ್ರಿನ್ಸಿಪಾಲ್ ಮುಖ ನೋಡಕ್ಕಾಗಲ್ಲ.

ಕಾಫಿ_ಕೂರ್ಗ್_ಫ್ರಿಸ್ಕೋ

ಎಚ್-1ಬಿಯವ್ರಿಗೆ ಓಟಿಲ್ಲ ಸರಿ. ಸಿಟಿಜನ್ ಆಗಿರೋ ನಮ್ಮವ್ರು ಏನ್ಮಾಡ್ತಿದಾರೆ ಹೇಳಿ? ನನಗೆ ಸಿಟ್ಟು ಬರೋದು ಅಲ್ಲಿ.

ನವೆಂಬರ್ 2024ರಲ್ಲಿ ಫ್ರಿಸ್ಕೋ ಐಎಸ್‌ಡಿ ಜನರ ಓಟಿಗೆ ನಾಲ್ಕು ಪ್ರಪೋಸಿಷನ್ ಇಟ್ಟಿತ್ತು. ಒಂದು ದಿನದ ಖರ್ಚಿಗೆ ಟ್ಯಾಕ್ಸ್ ರೇಟ್ ಸ್ವಲ್ಪ ಏರಿಸೋದು, ಉಳಿದ ಮೂರು ಬಾಂಡು, ಒಟ್ಟು ಒಂದು ಬಿಲಿಯನ್ ಡಾಲರ್‌ಗೂ ಮೇಲೆ. ನಾಲ್ಕೂ ಬಿದ್ದೋದ್ವು. ಹೊಸ ಹೊಸ ಹೈಸ್ಕೂಲ್ ಕಟ್ಟಿ ಹನ್ನೆರಡು ಮಾಡ್ಕೊಂಡ ಊರು, ಸ್ಕೂಲ್ ಹೆಸರಲ್ಲೇ ಮನೆ ಮಾರಾಟ ಆಗೋ ಊರು, ಅಲ್ಲಿ! ಅದೇ ಚಳಿಗಾಲದಲ್ಲಿ ಒಂದು ಮಿಡಲ್ ಸ್ಕೂಲ್ ಮುಚ್ಚೋ ತೀರ್ಮಾನಾನೂ ಆಯ್ತು.

ಬಿದ್ದಿದ್ದಕ್ಕೆ ಕಾರಣ ಹಲವು ಇವೆ, ನಾನು ಒಂದು ಮಾತ್ರ ಹೇಳ್ತೀನಿ. 2019ರ ಕಾನೂನಿನ ಪ್ರಕಾರ ಸ್ಕೂಲ್ ಬಾಂಡ್ ಬ್ಯಾಲಟ್ ಮೇಲೆ "ಇದು ಪ್ರಾಪರ್ಟಿ ಟ್ಯಾಕ್ಸ್ ಏರಿಕೆ" ಅಂತ ಅಚ್ಚು ಹಾಕ್ಲೇಬೇಕು, ರೇಟ್ ಒಂದು ಪೈಸೆ ಏರದೇ ಇದ್ರೂ ಕೂಡ. ಅಧ್ಯಕ್ಷರ ಚುನಾವಣೆಗೆ ಅಂತ ಹೋದ ಮನುಷ್ಯ ಕೆಳಗೆ ಸ್ಕ್ರೋಲ್ ಮಾಡ್ತಾ ಮಾಡ್ತಾ ಕೊನೇಲಿ ಈ ಸಾಲು ನೋಡಿದ್ರೆ ಏನ್ ಒತ್ತುತಾನೆ? ಇನ್ನೊಂದು ತಮಾಷೆ ಏನಂದ್ರೆ 65 ದಾಟಿದವ್ರಿಗೆ ಸ್ಕೂಲ್ ಟ್ಯಾಕ್ಸ್ ಮೊತ್ತಕ್ಕೆ ಸೀಲಿಂಗ್ ಇದೆ, ಅವರ ಬಿಲ್ಲು ಇದರಿಂದ ಏರೋದೇ ಇಲ್ಲ, ಆದ್ರೂ ಇದನ್ನ ಅವರಿಗೆ ಯಾರೂ ಸರಿಯಾಗಿ ಹೇಳಲ್ಲ. ಮತ್ತೆ ಟ್ಯಾಕ್ಸ್ ರೇಟ್ ಏರಿಸೋ ಪ್ರಪೋಸಿಷನ್‌ನಲ್ಲಿ ಮೊದಲ ಕೆಲವು ಸೆಂಟುಗಳಿಗೆ ಗೋಲ್ಡನ್ ಪೆನ್ನಿ ಅಂತ ಹೆಸರು, ಅದಕ್ಕೆ ರಾಬಿನ್ ಹುಡ್ ಕೈ ಹಾಕಕ್ಕಾಗಲ್ಲ, ಪೂರ್ತಿ ಊರಲ್ಲೇ ಉಳಿಯುತ್ತೆ. "ನಮ್ಮ ದುಡ್ಡು ನಮಗೆ" ಅನ್ನೋರು ಓಟ್ ಹಾಕ್ಬೇಕಿದ್ದೇ ಇದಕ್ಕೆ.

ನಮ್ಮವ್ರ ಮನೆ ಫಂಕ್ಷನ್‌ಗೆ ಹೋದ್ರೆ ರೇಟಿಂಗ್ ಎಷ್ಟು, ಯಾವ ಸ್ಕೂಲಿಂದ ಎಷ್ಟು ಜನ ನ್ಯಾಷನಲ್ ಮೆರಿಟ್, ಬಾಯಿಪಾಠ. ಡಿಸ್ಟ್ರಿಕ್ಟ್ ನಡೆಸೋ ಸ್ಕೂಲ್ ಬೋರ್ಡಿನ ಸದಸ್ಯರು, ಅಂದ್ರೆ ಟ್ರಸ್ಟಿಗಳು, ಅವರಲ್ಲಿ ಒಬ್ಬರ ಹೆಸರು ಹೇಳಿ ಅಂದ್ರೆ ಗಪ್‌ಚಿಪ್. ಟ್ರಸ್ಟಿಗಳಿಗೆ ಸಂಬಳಾನೂ ಇಲ್ಲ ಟೆಕ್ಸಾಸ್‌ನಲ್ಲಿ, ಮೇ ತಿಂಗಳ ಎಲೆಕ್ಷನ್‌ಗೆ ಬರೋದು ಬೆರಳೆಣಿಕೆ ಜನ, ನಾವು ನಾಲ್ಕು ಕಾರ್‌ಪೂಲ್ ಮಾಡ್ಕೊಂಡು ಹೋದ್ರೆ ಲೆಕ್ಕಕ್ಕೆ ಬರ್ತೀವಿ ಮಾರಾಯ್ರೆ.

ಹೊಸಮನೆ_ಟಿಎಕ್ಸ್

ಇಷ್ಟು ಡೀಟೇಲಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್ ಎಲ್ರಿಗೂ. ಪಿಟಿಎ ಅಕ್ಕ, ಅಟೆಂಡೆನ್ಸ್ ವಿಷ್ಯ ಓದಿ ನಮ್ಮನೆಯವ್ರು ಸುಮ್ನೆ ಲ್ಯಾಪ್‌ಟಾಪ್ ಮುಚ್ಚಿಟ್ರು, ಬೇಸಿಗೆ ಟಿಕೆಟ್ ನೋಡ್ತಿದ್ದಿದ್ದು ಮೇ ಎರಡನೇ ವಾರಕ್ಕೆ, ಹ್ಹ ಹ್ಹ. ಕಂಪನಿ ಮ್ಯಾಚಿಂಗ್ ಇದೆ, ನೋಡಿದೆ.

ಇನ್ನೆರಡು ಡೌಟು. ಓಟಿಲ್ದೇ ಇರೋರು ಬೋರ್ಡ್ ಮೀಟಿಂಗಲ್ಲಿ ಮಾತಾಡ್ಬಹುದಾ? ಮತ್ತೆ ಇಷ್ಟೆಲ್ಲಾ ಖೋತಾ ಇದ್ರೆ ಓದಿನ ಮಟ್ಟ ಇಳೀತಿದೆಯಾ? ಮನೆ ತಗೊಂಡಾಗಿದೆ, ಈಗ ಕೇಳಿ ಏನ್ಮಾಡೋದು ಅಂತೀರೇನೋ, ಆದ್ರೂ.

ಪಿಟಿಎ_ಅಮ್ಮ

ಮಾತಾಡ್ಬಹುದು, ಪಬ್ಲಿಕ್ ಕಾಮೆಂಟ್‌ಗೆ ಯಾರೂ ನಿಮ್ಮ ವೀಸಾ ಕೇಳಲ್ಲ. ಮೊದಲೇ ಹೆಸರು ಕೊಟ್ಟಿರ್ಬೇಕು, ಸಿಗೋದು ಕೆಲವೇ ನಿಮಿಷ, ಬರ್ಕೊಂಡು ಹೋಗಿ. ಅದಕ್ಕಿಂತ ಉಪಯೋಗ ಆಗೋದು ಇನ್ನೊಂದಿದೆ. ಪ್ರತಿ ಸ್ಕೂಲಲ್ಲೂ ಪ್ರಿನ್ಸಿಪಾಲ್ ಜೊತೆ ಪ್ಲಾನಿಂಗ್ ಮಾಡೋ ಒಂದು ಕ್ಯಾಂಪಸ್ ಕಮಿಟಿ ಇರ್ಬೇಕು, ಅದ್ರಲ್ಲಿ ಪೇರೆಂಟ್ಸ್ ಇರ್ಲೇಬೇಕು ಅಂತ ಟೆಕ್ಸಾಸ್ ಕಾನೂನಿದೆ. ಬಹಳ ಕಡೆ ಜನ ಸಿಗದೆ ಪಿಟಿಎ ಪ್ರೆಸಿಡೆಂಟ್‌ನೇ ಹಿಡಿದು ಕೂರಿಸಿರ್ತಾರೆ. ಹೋಗಿ ನಾನು ಬರ್ತೀನಿ ಅಂದ್ರೆ ಬೇಡ ಅನ್ನಲ್ಲ. ವಾಲಂಟಿಯರ್ ಮಾಡಕ್ಕೆ ವರ್ಷ ವರ್ಷ ಬ್ಯಾಕ್‌ಗ್ರೌಂಡ್ ಚೆಕ್ ಫಾರಂ ತುಂಬ್ಬೇಕು, ಅದನ್ನ ಆಗಸ್ಟಲ್ಲೇ ಮುಗಿಸ್ಕೊಳ್ಳಿ, ಇಲ್ಲಾಂದ್ರೆ ಮಗಳ ಕ್ಲಾಸ್ ಪಾರ್ಟಿಗೆ ಆಫೀಸ್ ಬಾಗಿಲಲ್ಲೇ ನಿಲ್ಲಿಸ್ತಾರೆ.

ಬಸವನಗುಡಿ_ಪ್ಲೇನೋ

ಓದಿನ ಮಟ್ಟ ಅಂದ್ರಿ. ಸ್ಕೂಲ್‌ಗಳಿಗೆ ಸ್ಟೇಟ್ ಕೊಡೋ ಎ ಟು ಎಫ್ ರೇಟಿಂಗ್ ಒಂದನ್ನೇ ನೋಡಿ ಹೆದರ್ಬೇಡಿ, 2023ದ್ದು 2024ದ್ದು ಡಿಸ್ಟ್ರಿಕ್ಟುಗಳೇ ಕೋರ್ಟಿಗೆ ಹೋಗಿ ತಡೆದಿದ್ವು, ಎರಡೂ ಹೊರಗೆ ಬಂದಿದ್ದು 2025ರಲ್ಲಿ. ಈ ಭಾಗದಲ್ಲಿ ಎಪಿ ಕ್ಲಾಸು, ರೋಬಾಟಿಕ್ಸು, ಬ್ಯಾಂಡು, ಎಲ್ಲಾ ಇನ್ನೂ ಜೋರಾಗೇ ಇದೆ. ಖೋತಾ ಮೊದಲು ತಟ್ಟೋದು ಕ್ಲಾಸ್ ಸೈಜಿಗೆ, ಕೌನ್ಸೆಲರ್‌ಗೆ, ರೀಡಿಂಗ್ ಹಿಂದೆ ಬಿದ್ದ ಮಕ್ಕಳಿಗೆ ಕೊಡೋ ಸಹಾಯಕ್ಕೆ. ಮಗ ಚೆನ್ನಾಗಿ ಓದೋನಾದ್ರೆ ನಿಮಗದು ಕಾಣೋದೇ ಇಲ್ಲ, ಸ್ಪೆಷಲ್ ಎಜುಕೇಶನ್‌ನಲ್ಲಿರೋ ಮಗುವಿನ ಅಮ್ಮನ್ನ ಕೇಳಿ, ಎಲ್ಲೆಲ್ಲಿ ಕತ್ತರಿ ಬಿದ್ದಿದೆ ಅಂತ ಅವ್ರು ಹೇಳ್ತಾರೆ.

ನಿಮ್ಮ ಮಗನಿಗೆ ಇಲ್ಲಿ ನಿಜವಾದ ತಲೆನೋವು ಬೇರೆ. ಯುಟಿ ಆಸ್ಟಿನ್ ಯೂನಿವರ್ಸಿಟಿಗೆ ಆಟೋಮ್ಯಾಟಿಕ್ ಅಡ್ಮಿಶನ್ ಅಂತಿದೆಯಲ್ಲ, 2026ರ ಫಾಲ್‌ನಿಂದ ಅದನ್ನ ಟಾಪ್ 6ರಿಂದ ಟಾಪ್ 5 ಪರ್ಸೆಂಟಿಗೆ ಇಳಿಸಿದಾರೆ, ಅದೂ ಅವರವರ ಹೈಸ್ಕೂಲ್ ಒಳಗಿನ ರ್‍ಯಾಂಕು. 500 ಮಕ್ಕಳ ಬ್ಯಾಚಿದ್ರೆ 25 ಜನ. ನಮ್ಮ ಕಡೆ ಹೈಸ್ಕೂಲಲ್ಲಿ ಆ 25ರೊಳಗೆ ಬರೋದು ಅಂದ್ರೆ ಸಿಇಟಿ ಕಾಲ ನೆನಪಾಗುತ್ತೆ. ಅದಕ್ಕೇ ಕೆಲವರು ಬೇಕು ಅಂತಾನೇ ರೇಟಿಂಗ್ ಕಮ್ಮಿ ಇರೋ ಸ್ಕೂಲ್ ಕಡೆ ಮನೆ ಹುಡುಕ್ತಾರೆ, ನಿಮ್ಮ ಏಜೆಂಟ್ ಇದನ್ನ ಹೇಳಿರಲ್ಲ ಬಿಡಿ.

ಅಂದ ಹಾಗೆ ಹೋಮ್‌ಸ್ಟೆಡ್ ಎಕ್ಸೆಂಪ್ಶನ್‌ಗೆ, ಅಂದ್ರೆ ಸ್ವಂತ ವಾಸದ ಮನೆಗೆ ಸಿಗೋ ಟ್ಯಾಕ್ಸ್ ರಿಯಾಯಿತಿಗೆ, ಅರ್ಜಿ ಹಾಕಿದೀರಾ? ಬಿಲ್ ನೋಡಿ ಎದೆ ಧಸಕ್ ಅಂತು ಅಂದ್ರಲ್ಲ, ಹಾಕಿಲ್ಲ ಅನ್ಸುತ್ತೆ. ಸ್ಕೂಲ್ ಟ್ಯಾಕ್ಸ್ ಲೆಕ್ಕದಲ್ಲಿ ಮನೆ ಬೆಲೆಯಿಂದ ಮೊದಲು 1,00,000 ಬಿಡ್ತಿದ್ರು, 2025ರ ನವೆಂಬರ್ ಓಟಿನ ಮೇಲೆ 1,40,000 ಆಗಿದೆ. ಆರು ಲಕ್ಷದ ಮನೆಗೆ ನಾಲ್ಕು ಲಕ್ಷದ ಅರವತ್ತು ಸಾವಿರಕ್ಕೆ ಮಾತ್ರ ಟ್ಯಾಕ್ಸು, ವರ್ಷಕ್ಕೆ ಸಾವಿರದ ಮುನ್ನೂರು ನಾನೂರು ಡಾಲರ್ ಉಳಿಯುತ್ತೆ. ಸ್ಕೂಲಿಗೆ ಕಮ್ಮಿ ಆಗುತ್ತಲ್ಲ ಅಂತ ಪಾಪಪ್ರಜ್ಞೆ ಬೇಡ, ಆ ನಷ್ಟ ಸ್ಟೇಟ್ ತುಂಬುತ್ತೆ. ಸಿಟಿಜನ್ ಆಗಿರ್ಬೇಕಿಲ್ಲ, ಆ ಮನೇಲಿ ನೀವೇ ವಾಸ ಇರ್ಬೇಕು, ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸಲ್ಲಿ ಅದೇ ಅಡ್ರೆಸ್ ಇರ್ಬೇಕು. ಕೌಂಟಿ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಫ್ರೀ, ಫ್ರಿಸ್ಕೋ ಆದ್ರೆ ಮನೆ ಕಾಲಿನ್ ಕೌಂಟಿಲಿದೆಯಾ ಡೆಂಟನ್ ಕೌಂಟಿಲಿದೆಯಾ ನೋಡ್ಕೊಳ್ಳಿ. ಫೀಸ್ ಕೊಡಿ ನಾವು ಹಾಕ್ಕೊಡ್ತೀವಿ ಅಂತ ಸರ್ಕಾರಿ ಥರ ಕಾಣೋ ಕಾಗದ ಮನೆಗೆ ಬರುತ್ತೆ, ಹರಿದು ಹಾಕಿ.

ಹೊಸಮನೆ_ಟಿಎಕ್ಸ್

ಅಯ್ಯೋ ಹಾಕಿಲ್ಲ! ಲೈಸೆನ್ಸೇ ಇನ್ನೂ ನಾರ್ತ್ ಕ್ಯಾರೊಲಿನಾದ್ದು. ಈ ವಾರಾನೇ ಡಿಪಿಎಸ್ ಅಪಾಯಿಂಟ್‌ಮೆಂಟ್ ತಗೋತೀನಿ. ಈಗಾಗ್ಲೇ ಬಂದಿರೋ ಬಿಲ್ಲಿಗೂ ಆಗುತ್ತಾ?

ಬಸವನಗುಡಿ_ಪ್ಲೇನೋ

ಬಿಲ್ಲನ್ನ ಜನವರಿ 31ರೊಳಗೆ ಪೂರ್ತಿ ಕಟ್ಬಿಡಿ, ಎಸ್ಕ್ರೋ ಇದ್ರೆ, ಅಂದ್ರೆ ಲೋನ್ ಕಂತಿನ ಜೊತೆ ಟ್ಯಾಕ್ಸ್ ದುಡ್ಡನ್ನೂ ಬ್ಯಾಂಕೇ ತಗೊಂಡು ಕಟ್ಟೋದಾದ್ರೆ, ಕಟ್ಟಿದೆಯಾ ಅಂತ ಒಂದ್ಸಲ ಕೌಂಟಿ ಸೈಟಲ್ಲಿ ನೋಡಿ, ಪೆನಾಲ್ಟಿ ಬಿದ್ರೆ ಅದು ನಿಮ್ಮ ತಲೆಗೇ. ಹೋಮ್‌ಸ್ಟೆಡ್ ಲೇಟಾಗಿ ಹಾಕಿದ್ರೂ ಎರಡು ವರ್ಷದ ತನಕ ಹಿಂದಿನದ್ದಕ್ಕೆ ತಗೋತಾರೆ, ಹಳೇ ಓನರ್ ಆ ವರ್ಷಕ್ಕೆ ಅವರ ಹೆಸರಲ್ಲಿ ತಗೊಂಡಿರ್ಲಿಲ್ಲ ಅಂದ್ರೆ ಮನೆ ತಗೊಂಡ ವರ್ಷಕ್ಕೂ ಸಿಗುತ್ತೆ, ಒಪ್ಪಿಗೆ ಆದ್ರೆ ರಿಫಂಡ್ ಚೆಕ್ ಬರುತ್ತೆ. ಡಿಪಿಎಸ್‌ಗೆ ಈ ವಾರ ಸಿಗೋದು ಡೌಟು, ಡೆಂಟನ್, ಶೆರ್ಮನ್ ಕಡೆ ಆಫೀಸ್‌ಗಳಲ್ಲೂ ಸ್ಲಾಟ್ ನೋಡಿ.